ಸೆಮಿಫೈನಲ್ ಎಂಬ ಗಂಡಾಂತರ

ಯಾರೂ ನೋಡದಿದ್ದಾಗ ನಾನು ಬಹಳ ಒಳ್ಳೆಯ ಡ್ರೈವರ್. ನಮ್ಮ ಸೊಸೈಟಿಯ ಇಕ್ಕಟ್ಟಾದ ಪಾರ್ಕಿಂಗಿನಲ್ಲಿ ಎರಡು ಕಂಬಗಳ ನಡುವೆ ಕಾರನ್ನು ಹಿಮ್ಮುಖವಾಗಿ ತಂದು ಒಂದೇ ಸಲಕ್ಕೆ ನಿಲ್ಲಿಸಬಲ್ಲೆ. ವಾಚ್‌ಮನ್ ಬಂದು ಸೀಟಿ ಊದುತ್ತ ಕೈ ಬೀಸತೊಡಗಿದನೋ, ಕೆಟ್ಟಿತು. ಕಂಬವೇ ಎದ್ದು ಬಂದು ಕಾರಿಗೆ ಬಡಿಯುತ್ತದೆ. ಇಂಥವನಿಗೆ ನಮ್ಮ ಕಾರ್ಖಾನೆಯ ಹಾಕಿ ತಂಡದ ಕಷ್ಟ ಥಟ್ಟನೆ ಅರ್ಥವಾಗಬೇಕಿತ್ತು. ಆಗಲಿಲ್ಲ. ಬೇರೆಯವರ ಕಷ್ಟ ಅರ್ಥವಾಗುವವರನ್ನು ಸಿಬ್ಬಂದಿ ವಿಭಾಗಕ್ಕೆ ತೆಗೆದುಕೊಳ್ಳುವುದಿಲ್ಲ.

ನಾನು ಭೋಸರಿ ಕೈಗಾರಿಕಾ ಪ್ರದೇಶದ ಒಂದು ಪಂಪು ಕಾರ್ಖಾನೆಯಲ್ಲಿ ಸಿಬ್ಬಂದಿ ಅಧಿಕಾರಿ. ಯಾರಿಗೆ ರಜೆ, ಯಾರಿಗೆ ರಾತ್ರಿಪಾಳಿ, ಯಾರಿಗೆ ಬಡ್ತಿ ಎಂಬುದೆಲ್ಲ ನನ್ನ ಮೇಜಿನ ಮೇಲೆಯೇ ಹಾದು ಹೋಗಬೇಕು. ಹಾಕಿ ತಂಡದ ಮ್ಯಾನೇಜರ್ ಪದವಿಯೂ ನನ್ನದೇ. ನನಗೆ ಹಾಕಿ ಗೊತ್ತು ಎಂದಲ್ಲ. ಆ ಪದವಿ ಈ ಕುರ್ಚಿಗೆ ಅಂಟಿಕೊಂಡೇ ಬಂದಿದೆ. ಕಾರ್ಖಾನೆಗಳ ನಡುವಿನ ಪಂದ್ಯಾವಳಿಯಲ್ಲಿ ನಮ್ಮವರು ಪ್ರತಿವರ್ಷ ಲೀಗ್ ಹಂತದಲ್ಲಿ ಎದುರು ಬಂದವರನ್ನೆಲ್ಲ ಬಡಿದು ಹಾಕುತ್ತಾರೆ. ಸೆಮಿಫೈನಲ್ ಬಂತೆಂದರೆ ಹೊಟ್ಟೆನೋವು ಬಂದ ಮಕ್ಕಳ ಹಾಗೆ ಮುದುಡಿಕೊಂಡು ಸೋಲುತ್ತಾರೆ.

ಸೋತ ಮೇಲೆ ಒಂದು ಸಮಿತಿ ಕೂರುತ್ತದೆ. ಅಧ್ಯಕ್ಷ ನಾನೇ. ಒಂದು ವರ್ಷ ತಪ್ಪು ಬೂಟುಗಳದ್ದೆಂದು ತೀರ್ಮಾನಿಸಿದೆವು. ಮರುವರ್ಷ ಮಧ್ಯಾಹ್ನದ ಊಟದಲ್ಲಿದ್ದ ಶ್ರೀಖಂಡದ್ದೆಂದಾಯಿತು. ಆಮೇಲೊಮ್ಮೆ ಬಟ್ಟೆ ಬದಲಾಯಿಸುವ ಕೋಣೆಯ ಬಾಗಿಲು ದಕ್ಷಿಣಕ್ಕಿದೆ ಎಂದು ಯಾರೋ ಹೇಳಿದ್ದರಿಂದ ಆಟಗಾರರು ಕಿಟಕಿಯಿಂದ ಇಳಿದು ಮೈದಾನಕ್ಕೆ ಹೋದರು. ಇಳಿಯುವಾಗ ಒಬ್ಬನ ಕಾಲು ಉಳುಕಿತು.

ಈ ವರ್ಷ ಮಾತ್ರ ನಗುವ ಹಾಗಿರಲಿಲ್ಲ. ಏನಾದರೊಂದು ಕಪ್ಪು ಗೆದ್ದು ತಾರದಿದ್ದರೆ ತಂಡವನ್ನೇ ಮುಚ್ಚಿ, ಅದರ ಬದಲು ಎಲ್ಲರಿಗೂ ಯೋಗ ಕಲಿಸುವುದಾಗಿ ನಮ್ಮ ಜಿ.ಎಂ. ಸಾಹೇಬರು ಹೇಳಿಬಿಟ್ಟರು. ನಾಯಕ ಈರಣ್ಣನ ಮುಖ ಕಪ್ಪಿಟ್ಟಿತು. ಈರಣ್ಣ ಗದಗ ಬೆಟಗೇರಿಯವನು, ಫಿಟ್ಟರ್. ಅವನ ಮೊಣಕಾಲು ಸವೆದಿತ್ತು; ಇದೇ ಕೊನೆಯ ಸಲ ಆಡುವವನಿದ್ದ. ತಾನು ಕಟ್ಟಿದ ತಂಡ ತನ್ನ ಜೊತೆಗೇ ಮುಗಿಯುವುದು ಅವನಿಗೆ ಬೇಡವಾಗಿತ್ತು.

ನಾನು ಸುಮ್ಮನೆ ಕೂರಲಿಲ್ಲ. ಆತ್ಮವಿಶ್ವಾಸ ತುಂಬುವ ಭಾಷಣಕಾರನೊಬ್ಬನನ್ನು ಕರೆಸಿದೆ. ಅವನು ಎಲ್ಲರಿಗೂ ಕಣ್ಣು ಮುಚ್ಚಿ ಗೆದ್ದ ಕಪ್ಪನ್ನು ಮನಸ್ಸಿನಲ್ಲೇ ನೋಡಲು ಹೇಳಿದ. ನಮ್ಮ ಗೋಲ್‌ಕೀಪರ್ ಗೊರಕೆ ಹೊಡೆದ. ಇಷ್ಟು ಆಳವಾದ ಏಕಾಗ್ರತೆಯನ್ನು ತಾನು ಎಲ್ಲಿಯೂ ಕಂಡಿಲ್ಲವೆಂದು ಭಾಷಣಕಾರ ಹೊಗಳಿ, ಚಹಾ ಕುಡಿದು ಹೋದ.

ಸೆಮಿಫೈನಲ್ಲಿಗೆ ಎರಡು ದಿನವಿದ್ದಾಗ ಈರಣ್ಣ ನನ್ನ ಕೋಣೆಗೆ ಬಂದ. ಕೂರು ಎಂದರೂ ಕೂರಲಿಲ್ಲ.

“ಸರ, ತಪ್ಪು ತಿಳೀಬ್ಯಾಡ್ರಿ. ಲೀಗ್ ಮ್ಯಾಚಿಗೆ ಯಾರೂ ಬರೂದಿಲ್ಲ, ನಾವು ಆಡತೀವಿ. ಸೆಮಿಫೈನಲ್ಲಿಗೆ ಸಾಹೇಬ್ರು ಬಂದು ಕುರ್ಚಿ ಹಾಕ್ಕೊಂಡು ಕುಂತ್ರಂದ್ರ ನಮ್ಮ ಹುಡುಗೂರು ಆಟ ಬಿಟ್ಟು ನೌಕರಿ ಮಾಡಾಕ ಹತ್ತತಾರ.”

ಅವನು ವಿವರಿಸಿದ ಮೇಲೆ ನನಗೆ ಎಲ್ಲ ಹೊಳೆಯಿತು. ಗೋಲಿಗೆ ಹೊಡೆದು ತಪ್ಪಿದರೆ ತಪ್ಪು ಹೊಡೆದವನದು. ಪಕ್ಕದವನಿಗೆ ಕೊಟ್ಟರೆ ತಪ್ಪು ಪಕ್ಕದವನದು. ಹೀಗಾಗಿ ಸಾಹೇಬರ ಎದುರಿಗೆ ಚೆಂಡು ನಮ್ಮ ಆಫೀಸಿನ ಫೈಲಿನಂತೆ ಎಲ್ಲರ ಕೈದಾಟಿ ಹೊರಟಲ್ಲಿಗೇ ವಾಪಸು ಬರುತ್ತಿತ್ತು. ಸಾಹೇಬರು ಬಾರದ ಹಾಗೆ ಮಾಡಿದರೆ ದೊಡ್ಡ ಉಪಕಾರವಾಗುತ್ತದೆ ಎಂದು ಈರಣ್ಣ ನೆಲ ನೋಡುತ್ತ ಕೇಳಿಕೊಂಡ. ಅದನ್ನು ನನಗೆ ಬಿಡು ಎಂದೆ.

ಜಿ.ಎಂ. ಸಾಹೇಬರನ್ನು ತಡೆಯುವುದು ಸುಲಭವೇ? ಪಂದ್ಯದ ದಿನವೇ ಊರಿನ ಇನ್ನೊಂದು ತುದಿಯ ಹಿಂಜವಾಡಿಯಲ್ಲಿ ಅವರಿಗೊಂದು ಮೀಟಿಂಗ್ ಹೊಂದಿಸಿದೆ. ಮೀಟಿಂಗಿನ ವಿಷಯ ಏನೆಂದು ನನಗೂ ಗೊತ್ತಿರಲಿಲ್ಲ, ಅಲ್ಲಿದ್ದವರಿಗೂ ಗೊತ್ತಿರಲಿಲ್ಲ. ಆದರೆ ಹಿಂಜವಾಡಿಗೆ ಮಧ್ಯಾಹ್ನ ಹೋದವರು ಆ ಟ್ರಾಫಿಕ್ಕಿನಿಂದ ಕತ್ತಲಾಗುವ ಮೊದಲು ಹೊರಬಂದ ಉದಾಹರಣೆ ಇಲ್ಲ. ಇಷ್ಟು ಚಂದದ ಕೆಲಸವನ್ನು ನಾನು ಸಂಬಳಕ್ಕಾಗಿ ಎಂದೂ ಮಾಡಿರಲಿಲ್ಲ.

ಪಿಂಪ್ರಿಯ ಮೈದಾನದಲ್ಲಿ ಗೆರೆಯ ಪಕ್ಕದಲ್ಲೇ ಕುರ್ಚಿ ಹಾಕಿಸಿಕೊಂಡು ನಿಶ್ಚಿಂತೆಯಿಂದ ಕುಳಿತೆ. ಆಟ ಶುರುವಾಯಿತು. ನಮ್ಮವರು ಚೆಂಡನ್ನು ಪಕ್ಕದವನಿಗೆ ಕೊಟ್ಟರು. ಪಕ್ಕದವನು ಹಿಂದಿನವನಿಗೆ ಕೊಟ್ಟ. ಖಾಲಿ ಗೋಲಿನ ಎದುರು ನಿಂತ ಹುಡುಗ ಅತ್ತಿತ್ತ ನೋಡಿ, ಅನುಭವದಲ್ಲಿ ತನಗಿಂತ ಹಿರಿಯನೊಬ್ಬನನ್ನು ಹುಡುಕಿ ಗೌರವದಿಂದ ಚೆಂಡು ಒಪ್ಪಿಸಿದ. ಈರಣ್ಣ ಒಬ್ಬನೇ ಕುಂಟುತ್ತ ಓಡಾಡಿದ. ಮೂರು ಗೋಲುಗಳಿಂದ ಸೋತೆವು.

ಪಂದ್ಯದ ನಂತರ ಅವನು ಹುಲ್ಲಿನ ಮೇಲೆ ಕುಳಿತು ಮೊಣಕಾಲಿನ ಪಟ್ಟಿ ಬಿಚ್ಚುತ್ತಿದ್ದ. ನನಗೆ ಸಿಟ್ಟು ಬಂದಿತ್ತು. ಜಿ.ಎಂ. ಸಾಹೇಬರನ್ನು ಇಲ್ಲಿಗೆ ಬಾರದಂತೆ ಮಾಡಲು ಎಷ್ಟು ಒದ್ದಾಡಿದ್ದೇನೆ ಗೊತ್ತೇನು ಎಂದು ಕೇಳಿದೆ. ಈರಣ್ಣ ಬಿಚ್ಚಿದ ಪಟ್ಟಿಯನ್ನು ಸುತ್ತಿ ಬೂಟಿನೊಳಗೆ ಇಟ್ಟ.

“ಜಿ.ಎಂ. ಸಾಹೇಬ್ರನ್ನ ನಮ್ಮ ಹುಡುಗೂರು ಝೇಂಡಾ ಏರಸೂ ದಿನ ಒಮ್ಮೆ, ಸೆಮಿಫೈನಲ್ ದಿನ ಒಮ್ಮೆ ದೂರದಿಂದ ನೋಡತಾರ್ರಿ. ಅವರ ಅಂಜಿಕಿ ಯಾರಿಗೂ ಇಲ್ಲ,” ಎಂದ. ಆಮೇಲೆ ಮೆಲ್ಲಗೆ, “ರಜಾ ಕೊಡಾವರು ನೀವು, ಪಾಳಿ ಹಾಕಾವರೂ ನೀವು. ಸಾಹೇಬ್ರು ಅಂತ ನಾ ಅಂದದ್ದು ನಿಮಗರೀ, ಸರ.”

ಲೀಗ್ ಪಂದ್ಯಗಳಿಗೆ ನಾನು ಒಮ್ಮೆಯೂ ಹೋಗಿರಲಿಲ್ಲ. ಕಂಪನಿ ಕಾರು ಕೊಡುವುದು ಸೆಮಿಫೈನಲ್ಲಿಗೆ ಮಾತ್ರ.

ಮನೆಗೆ ಬಂದು ಹೆಂಡತಿ ಸರೋಜಾಳಿಗೆ ಎಲ್ಲವನ್ನೂ ಹೇಳಿದೆ. ಸಮಾಧಾನ ಹೇಳುತ್ತಾಳೆ ಎಂದುಕೊಂಡಿದ್ದೆ. “ಇಷ್ಟು ವರ್ಷ ಆ ಮನಷ್ಯಾ ಹೆಂಗ ತಡಕೊಂಡಾನ,” ಎಂದಳು. ನನ್ನನ್ನಲ್ಲ, ಈರಣ್ಣನನ್ನು ನೆನೆದು.

ಮೂರನೆಯ ಸ್ಥಾನದ ಪಂದ್ಯ ಭಾನುವಾರವಿತ್ತು. ಅದಕ್ಕೂ ಒಂದು ಸಣ್ಣ ಕಪ್ಪು ಉಂಟು. ನನಗೆ ಜ್ವರವೆಂದು ಈರಣ್ಣನಿಗೆ ತಿಳಿಸಿದೆ. ಅವನು ಏನಾಯಿತೆಂದು ಕೇಳಲಿಲ್ಲ, ಚೆನ್ನಾಗಿ ವಿಶ್ರಾಂತಿ ತೆಗೆದುಕೊಳ್ಳಲು ಹೇಳಿದ. ಸಂಜೆ ಅವನ ಫೋನು ಬಂತು. ನಮ್ಮವರು ನಾಲ್ಕು ಗೋಲು ಹೊಡೆದು ಗೆದ್ದಿದ್ದರು. ಕೊನೆಯದು ಈರಣ್ಣನದು. ಹಿಂದಿನಿಂದ ಹುಡುಗರ ಕೇಕೆ ಎಷ್ಟು ಜೋರಾಗಿತ್ತೆಂದರೆ ಅವನು ಹೇಳಿದ್ದು ಅರ್ಧ ಕೇಳಿಸಲಿಲ್ಲ. ಫೋನಿಟ್ಟು ನಾನೂ ಒಮ್ಮೆ ಕೇಕೆ ಹೊಡೆದೆ. ಅದನ್ನು ಜ್ವರದ ಲೆಕ್ಕಕ್ಕೆ ಹಾಕಿದೆ.

ಸನ್ಮಾನದ ದಿನ ಜಿ.ಎಂ. ಸಾಹೇಬರು ತಂಡವನ್ನು ಮುಚ್ಚುವುದಿಲ್ಲವೆಂದು ಘೋಷಿಸಿದರು. ಈರಣ್ಣನನ್ನು ತರಬೇತುದಾರನನ್ನಾಗಿ ಮಾಡಿದರು. ಆಮೇಲೆ ಅವರು ನನ್ನ ಹೆಗಲ ಮೇಲೆ ಕೈಯಿಟ್ಟು, ಈ ಗೆಲುವಿನ ಹಿಂದೆ ಇವರ ಮಾರ್ಗದರ್ಶನವಿದೆ, ಇಂಥವರು ಬರುವ ವರ್ಷದಿಂದ ಹಾಕಿಯ ಬದಲು ಕ್ರಿಕೆಟ್ ತಂಡವನ್ನು ನೋಡಿಕೊಳ್ಳಲಿ ಎಂದರು. ನಾನು ಕೈಮುಗಿದು ನಿಂತೆ. ಕ್ರಿಕೆಟ್ ತಂಡದವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಚಪ್ಪಾಳೆ ಮಾತ್ರ ಬಹಳ ಹೊತ್ತು ನಿಲ್ಲಲೇ ಇಲ್ಲ. ಅದೆಲ್ಲ ಹಾಕಿ ತಂಡ ಕುಳಿತ ಕಡೆಯಿಂದ ಬರುತ್ತಿತ್ತು.