ಹಿತ್ತಲಲ್ಲಿ ಕೂತ ಗ್ಯಾಸ್ ಒಲೆ

ಗ್ಯಾಸ್ ಒಲೆ ಕೂರಿಸೋನ ಹಣೆಬರಹವೇ ಇಷ್ಟು ಕಣ್ರೀ. ಅವನು ಒಂದು ಹೇಳಿದರೆ ಮನೆಯವರಿಗೆ ಇನ್ನೊಂದು ಕೇಳಿಸುತ್ತೆ. ಎಂಬತ್ತನೇ ಇಸವಿಯ ಆಸುಪಾಸಿನಲ್ಲಿ ನಾನು ಆ ಕೆಲಸಕ್ಕೆ ಹೊಸಬ. ಸಿಲಿಂಡರ್ ಅಂದ್ರೆ ಬಾಂಬು ಅಂತ ಹೆದರಿ ಜನ, "ಒಳಗೆ ಬ್ಯಾಡ, ಹಿತ್ತಲಲ್ಲೇ ಕೂರ್ಸಪ್ಪಾ" ಅನ್ನೋರು. ನಮ್ಮ ಮಾಲೀಕರು ಬೇರೆ, "ಒಂದೇ ಒಂದು ಒಲೆ ವಾಪಸ್ ಬಂದ್ರೂ ನೀನು ಊರಿಗೆ ಹೊರಡು" ಅಂದಿದ್ರು. ಕೆಲಸ ಹೋದರೆ ಏನಪ್ಪಾ ಗತಿ ಅನ್ನೋದೇ ನನ್ನ ಚಿಂತೆ.

ಕಡೂರಿನ ಸ್ನಾನ

ಹಿತ್ತಲಲ್ಲಿ ಪೈಪು ಜೋಡಿಸಿದೆ. ಗ್ಯಾಸ್ ಸೋರುತ್ತಾ ಅಂತ ನೋಡೋಕೆ ಸೋಪಿನ ನೀರು ಹಚ್ಚಬೇಕಲ್ಲ, ಮನೆಯಾಕೆಗೆ "ಅಕ್ಕಾ, ಒಂಚೂರು ಸೋಪು, ನೀರು ಕೊಡಿ" ಅಂದೆ. ಆಕೆ ಒಳಗೆ ಹೋದೋರು ಬರಲೇ ಇಲ್ಲ. ಕೊನೆಗೆ ಟವೆಲ್ ಹಿಡಿದು ಬಂದರು.

"ಬಚ್ಚಲಲ್ಲಿ ಬಿಸಿನೀರು ತೋಡಿಟ್ಟಿದ್ದೀನಿ. ತಲೆಗೂ ಹಾಕ್ಕೋತೀಯೇನಪ್ಪಾ?"

ತರೀಕೆರೆಯ ಗಾಳಿ

ಇಲ್ಲಿ ಒಲೆ ಕೂತಿದ್ದು ಹಿತ್ತಲಿನ ಶೀಟಿನ ಮಾಡಿನ ಕೆಳಗೆ. "ಸುತ್ತ ಮುಚ್ಚಬೇಡಿ ಸ್ವಾಮಿ, ಗ್ಯಾಸ್ ಇರೋ ಕಡೆ ಗಾಳಿ ಆಡಬೇಕು" ಅಂತ ಯಜಮಾನರಿಗೆ ಒತ್ತಿ ಹೇಳಿ ಬಂದೆ. ಮಾರನೇ ದಿನವೇ ಕರೆ ಬಂತು. ಒಲೆ ಹತ್ತೋದೇ ಇಲ್ಲವಂತೆ, ವಾಪಸ್ ತಗೊಂಡೋಗು ಅಂತ. ಎದ್ದೆನೋ ಬಿದ್ದೆನೋ ಅಂತ ಓಡಿದೆ.

ನೋಡಿದರೆ ಒಲೆಯ ಎದುರಿಗೇ ಟೇಬಲ್ ಫ್ಯಾನು, ಭರ್ರಂತ ತಿರುಗ್ತಿದೆ. ಯಜಮಾನರು ನನ್ನ ಮೇಲೇ ರೇಗಿದರು: "ನೀನೇ ತಾನೇ ಗಾಳಿ ಬೇಕು ಅಂದಿದ್ದು?"

ಅಜ್ಜಂಪುರದ ಉರಿ

ಇಲ್ಲಿ ಅಜ್ಜಿಯ ಮಾತೇ ಕೊನೆ. ಅವರು ಒಪ್ಪಿದರೆ ಉಂಟು, ಇಲ್ಲದಿದ್ದರೆ ಒಲೆ ವಾಪಸ್. ಗರಿಯ ಚಪ್ಪರದಿಂದ ದೂರ, ಕಲ್ಲುಕಟ್ಟೆಯ ಮೇಲೆ ಒಲೆ ಇಟ್ಟು, ಸಿಲಿಂಡರನ್ನ ಕೆಳಗೆ ನೆಟ್ಟಗೆ ನಿಲ್ಲಿಸಿ, ಹಾಲಿಟ್ಟು ಹಚ್ಚಿದೆ. ಹಾಲು ಉಕ್ಕಿ ಬಂತು.

"ಸಾಕು, ದೊಡ್ಡದು ಮಾಡಪ್ಪಾ" ಅಂದರು ಅಜ್ಜಿ.

ಸಾಕು ಅಂತಾರೆ, ದೊಡ್ಡದೂ ಮಾಡು ಅಂತಾರೆ! ಇರಲಿ ಅಂತ ಉರಿ ಜೋರು ಮಾಡಿದೆ. ಹಾಲು ಚೆಲ್ಲಿತು.

"ಲೇ, ದೊಡ್ಡದು ಮಾಡೋ!"

"ಇದಕ್ಕಿಂತ ದೊಡ್ಡದಾಗಲ್ಲ ಅಜ್ಜೀ!"

ಸೊಸೆ ಓಡಿಬಂದು ಒಲೆ ಬಂದ್ ಮಾಡಿದರು. "ಅಯ್ಯೋ, ದೀಪ, ಒಲೆ ಯಾವುದನ್ನೂ ಆರಿಸು ಅನ್ನಬಾರದು ಅಂತ ನಮ್ಮತ್ತೆ ದೊಡ್ಡದು ಮಾಡು ಅಂತಾರೆ ಕಣಪ್ಪಾ!"

ನನ್ನ ಕಥೆ ಮುಗೀತು ಅಂದ್ಕೊಂಡೆ. "ತಪ್ಪಾಯ್ತು ಅಜ್ಜೀ, ವಾಪಸ್ ಮಾತ್ರ ಕಳಿಸ್ಬೇಡಿ" ಅಂತ ಕೈಮುಗಿದೆ.

ಅಜ್ಜಿ ಒಲೆಯನ್ನೊಮ್ಮೆ, ನನ್ನನ್ನೊಮ್ಮೆ ನೋಡಿ ಸೊಸೆಗೆ ಅಂದರು: "ಒಲೆ ಚೆನ್ನಾಗೈತೆ, ಇರ್ಲಿ ಕಣೇ. ಇವನನ್ನ ವಾಪಸ್ ಕಳ್ಸು."