ಎರಡು ಸೈಕಲ್ ಹಿಡಿಸುವ ಗಾಡಿ

ಮೊದಲು ಸೈಕಲ್ ಕೊಳ್ಳುವುದು, ನಾಲ್ಕು ಕಾಸು ಕೂಡಿದ ಮೇಲೆ ಕಾರು ಕೊಳ್ಳುವುದು, ಕಾರು ಬಂದ ಮೇಲೆ ಸೈಕಲ್ಲನ್ನು ಗುಜರಿಗೆ ಹಾಕುವುದು ಲೋಕದ ರೂಢಿ. ನಮ್ಮ ಭಾವನವರದು ಹಾಗಲ್ಲ. ಅವರು ಸೈಕಲ್ಲಿಗಾಗಿ ಕಾರು ಹುಡುಕಿದ ಮನುಷ್ಯ! ಅದೂ ಒಂದು ದಿನವಲ್ಲ, ಎರಡು ದಿನವಲ್ಲ, ಎಂಟು ವರ್ಷ. ಅಷ್ಟರೊಳಗೆ ಲೋಕಲ್ ರೈಲುಗಳ ಬಣ್ಣ ಬದಲಾಯಿತು, ನಮ್ಮ ಬಿಲ್ಡಿಂಗಿಗೆ ಎರಡು ಸಲ ಸುಣ್ಣ ಹೊಡೆದಾಯಿತು, ಎದುರು ಫ್ಲ್ಯಾಟಿನ ಹುಡುಗಿಗೆ ಮದುವೆಯಾಗಿ ಬಾಣಂತನವೂ ಮುಗಿಯಿತು. ಭಾವನವರು ಮಾತ್ರ ಇನ್ನೂ ಗಾಡಿ ನೋಡುತ್ತಲೇ ಇದ್ದರು.

ಹೆಸರು ಹೇಳುವುದಿಲ್ಲ. ಹೇಳಿದರೆ ಥಾಣೆಯಿಂದ ಕಲ್ಯಾಣದವರೆಗಿನ ಶೋರೂಮಿನವರೆಲ್ಲ "ಅಯ್ಯೋ, ಅವರಾ!" ಎಂದು ಎದ್ದು ನಿಂತಾರು.

ಭಾವ ಎಂದರೆ ನನ್ನ ಅಕ್ಕನ ಗಂಡ. ಡೊಂಬಿವಲಿ ಎಂಐಡಿಸಿಯ ಒಂದು ಕಾರ್ಖಾನೆಯಲ್ಲಿ ಡ್ರಾಫ್ಟ್ಸ್‌ಮನ್. ಕಿಸೆಯಲ್ಲಿ ಕರವಸ್ತ್ರ ಮರೆತಾರು, ಸ್ಟೀಲಿನ ಅಳತೆಯ ಟೇಪು ಮರೆಯಲಾರರು. ಅಕ್ಕನನ್ನು ನೋಡಲು ಉಡುಪಿಯ ನಮ್ಮ ಮನೆಗೆ ಬಂದ ದಿನ ಹಾಡು ಬರುತ್ತದೆಯೇ, ಅಡುಗೆ ಬರುತ್ತದೆಯೇ ಎಂದು ಒಂದು ಮಾತೂ ಕೇಳಲಿಲ್ಲ. ಸಜ್ಜಿಗೆ ಅವಲಕ್ಕಿ ಮುಗಿಸಿ, ಬಾಗಿಲ ಕಡೆ ನೋಡಿ, "ನಿಮ್ಮ ಈ ದಾರಂದ ನಾಲ್ಕಿಂಚು ಗಿಡ್ಡ ಆಯ್ತು" ಎಂದು ಅಪ್ಪನಿಗೆ ಹೇಳಿದರು. ಅಪ್ಪ ಕಕ್ಕಾಬಿಕ್ಕಿ. ಹೊರಡುವಾಗ ಭಾವ ಅದೇ ದಾರಂದಕ್ಕೆ ಹಣೆ ಬಡಿಸಿಕೊಂಡರು! ಒಳಗಿನಿಂದ ಅಕ್ಕ ಕಿಸಕ್ಕನೆ ನಕ್ಕಳು. ಮದುವೆ ನಿಶ್ಚಯವಾಯಿತು.

ನಾನು ಅವರ ಮನೆಗೆ ಬಂದದ್ದು ಆರು ತಿಂಗಳ ಮಟ್ಟಿಗೆ. ಥಾಣೆಯ ಒಂದು ಆಫೀಸಿನಲ್ಲಿ ಕೆಲಸ ಸಿಕ್ಕಿತ್ತು, ಲೇಡೀಸ್ ಹಾಸ್ಟೆಲ್ ಸಿಗುವವರೆಗೆ ಅಕ್ಕನ ಮನೆ ಎಂದು ತೀರ್ಮಾನ. ಹಾಸ್ಟೆಲ್ ಸಿಗಲಿಲ್ಲ. ಗಂಡೂ ಸಿಗಲಿಲ್ಲ. ಎರಡನ್ನೂ ಹುಡುಕುವುದು ಕ್ರಮೇಣ ನಿಂತುಹೋಯಿತು. ಒಂದೇ ಬೆಡ್‌ರೂಮಿನ ಆ ಮನೆಯ ಹಾಲಿನಲ್ಲಿ ನನ್ನ ಹಾಸಿಗೆ ಖಾಯಂ ಆಯಿತು. ಹೀಗಾಗಿ ಭಾವನವರ ಹುಚ್ಚಾಟಗಳಿಗೆಲ್ಲ ನಾನು ಕಣ್ಣಾರೆ ಕಂಡ ಸಾಕ್ಷಿ. ಅವರದು ನಾಲ್ಕು ಜನರ ಸಂಸಾರ, ನಾನು ಪ್ರೇಕ್ಷಕಿ.

ಇದೆಲ್ಲ ಶುರುವಾದದ್ದು ಖಾರಘರದಲ್ಲಿ. ಭಾವನವರ ಸಹೋದ್ಯೋಗಿಯೊಬ್ಬರು ಅಲ್ಲಿ ಹೊಸ ಫ್ಲ್ಯಾಟ್ ತೆಗೆದುಕೊಂಡಿದ್ದರು. ಗೃಹಪ್ರವೇಶಕ್ಕೆ ಹೋದರೆ ಮಕ್ಕಳಿಬ್ಬರೂ ಬಾಲ್ಕನಿ ಬಿಟ್ಟು ಕದಲಲಿಲ್ಲ. ಕೆಳಗೆ ಅಗಲವಾದ, ಖಾಲಿ, ಗುಂಡಿಯಿಲ್ಲದ ರಸ್ತೆ! ಅದು ನೇರವಾಗಿ ಗುಡ್ಡದ ಬುಡಕ್ಕೆ ಹೋಗುತ್ತಿತ್ತು. ಡೊಂಬಿವಲಿಯಲ್ಲಿ ಈ ಮಕ್ಕಳು ಸೈಕಲ್ ಹೊಡೆಯುತ್ತಿದ್ದದ್ದು ಬಿಲ್ಡಿಂಗಿನ ಕಾಂಪೌಂಡಿನೊಳಗೆ, ಸ್ಕೂಟರುಗಳ ಸಂದಿಯಲ್ಲಿ, ಗಾಣದ ಎತ್ತಿನ ಹಾಗೆ ಸುತ್ತು ಸುತ್ತು. ಗೇಟಿನ ಹೊರಗೆ ಕಾಲಿಟ್ಟರೆ ರಿಕ್ಷಾ, ಗುಂಡಿ, ಮತ್ತೆ ರಿಕ್ಷಾ. ಆಗ ಮಗಳಿಗೆ ಒಂಬತ್ತು, ಮಗನಿಗೆ ಆರು ವರ್ಷ. ಮಗ ಅಪ್ಪನ ಶರಟು ಎಳೆದು, "ಪಪ್ಪಾ, ಆಪಣ್ ಸೈಕಲ್ ಇಕಡೆ ಆಣೂಯಾ ಕಾ?" ಎಂದ. ನಮ್ಮ ಸೈಕಲ್ ಇಲ್ಲಿಗೆ ತರೋಣವಾ ಅಂತ.

ಭಾವ ಮಕ್ಕಳಿಗೆ ಸುಳ್ಳು ಹೇಳುವವರಲ್ಲ. ರಸ್ತೆಯನ್ನು ಒಮ್ಮೆ ಆ ತುದಿಯಿಂದ ಈ ತುದಿಯವರೆಗೆ ನೋಡಿ, "ತರುವ" ಅಂದರು. ಅಷ್ಟೇ. ಆ ಒಂದು ಮಾತಿಗೆ ಎಂಟು ವರ್ಷ ತಗುಲಿತು.

ಲೋಕಲ್ಲಿನಲ್ಲಿ ಮನುಷ್ಯರು ಹತ್ತುವುದೇ ಸಾಹಸ, ಸೈಕಲ್ ಹತ್ತಿಸುವುದು ಎಲ್ಲಿಂದ ಬಂತು? ಹಾಗಾಗಿ ಗಾಡಿಯೇ ಬೇಕು ಎಂದಾಯಿತು. ಉಳಿದವರು ಗಾಡಿ ಕೊಳ್ಳುವಾಗ ಲೀಟರಿಗೆ ಎಷ್ಟು ಕೊಡುತ್ತದೆ, ಏಸಿ ಹೇಗಿದೆ ಎಂದು ಕೇಳುತ್ತಾರೆ. ಭಾವ ಒಂದು ಟೆಂಪೋ ಬಾಡಿಗೆಗೆ ಹಿಡಿದು, ಎರಡೂ ಸೈಕಲ್ ಅದರಲ್ಲಿ ಹೇರಿಕೊಂಡು ಥಾಣೆಯ ಶೋರೂಮಿಗೆ ಹೋದರು! ಅಕ್ಕ ಬರುವುದಿಲ್ಲ ಎಂದು ಕಡ್ಡಿ ಮುರಿದಂತೆ ಹೇಳಿದ್ದರಿಂದ ಅವರ ಜೊತೆ ನಾನು.

ಬಾಗಿಲಲ್ಲೇ ಗಾರ್ಡ್ ತಡೆದ. "ಸಾಬ್, ಸೈಕಲ್ ಬಾಹರ್ ಲಗಾವೋ."

"ಲಗಾನೇ ಕೊ ನಹೀ, ಘುಸಾನೇ ಕೊ ಲಾಯಾ," ಅಂದರು ಭಾವ. ನಿಲ್ಲಿಸಲು ಅಲ್ಲ, ಕಾರಿನೊಳಗೆ ತುರುಕಿ ನೋಡಲು ತಂದದ್ದು ಎಂದು ಬಿಡಿಸಿ ಹೇಳಿದ ಮೇಲಂತೂ ಗಾರ್ಡ್ ನಮ್ಮನ್ನೂ ಒಳಗೆ ಬಿಡಲಿಲ್ಲ.

ವಾಪಸು ಬಂದ ಮೇಲೆ ಅಕ್ಕ ಎಲ್ಲ ಕೇಳಿ, ಸಾರಿಗೆ ಒಗ್ಗರಣೆ ಹಾಕುತ್ತಾ, "ಅದೇ ಟೆಂಪೋದಲ್ಲಿ ಖಾರಘರಕ್ಕೆ ಹೋಗಿದ್ದರೆ ಆಗ್ತಿತ್ತಲ್ಲ!" ಅಂದಳು. ಭಾವ ಊಟ ಮಾಡುತ್ತಾ ಕೂತಿದ್ದರು. ತಟ್ಟೆ ಮುಂದೆ ಚಾಚಿ ಸಾರು ಕೇಳಿದರು.

ಮರುವಾರ ನೆರೆಮನೆಗೆ ಹೊಸ ಫ್ರಿಜ್ ಬಂತು. ಅದರ ರಟ್ಟಿನ ಪೆಟ್ಟಿಗೆಯನ್ನು ಭಾವ ಕೇಳಿ ತಂದರು. ಎರಡು ರಾತ್ರಿ, ಒಂದು ಭಾನುವಾರ ಕೂತು ಎರಡೂ ಸೈಕಲ್ಲನ್ನು ಅಳೆದು, ಅದೇ ಗಾತ್ರಕ್ಕೆ ರಟ್ಟಿನಲ್ಲಿ ಕತ್ತರಿಸಿದರು. ಹ್ಯಾಂಡಲ್ಲಿಗೆ ಬೇರೆ ತುಂಡು, ಪೆಡಲಿಗೆ ಬೇರೆ ತುಂಡು, ಸಿಕ್ಕಿಸಿದರೆ ನಿಲ್ಲುತ್ತಿತ್ತು. ಬೆಲ್ ಕೂಡ ಬರೆದಿದ್ದರು! ಬೆಲ್ಲಿಗೆಂಥ ಅಳತೆ ಎಂದು ಕೇಳಿದೆ. "ಅವ ಬೇಕು ಅಂದ," ಎಂದು ಮಗನ ಕಡೆ ತೋರಿಸಿದರು.

ಆ ರಟ್ಟಿನ ಸೈಕಲ್ಲುಗಳನ್ನು ಹೊತ್ತುಕೊಂಡು ಲೋಕಲ್ಲಿನ ಲಗೇಜ್ ಡಬ್ಬಿಯಲ್ಲಿ ಹೋದ ಆ ಮಧ್ಯಾಹ್ನವನ್ನು ನಾನು ಸಾಯುವವರೆಗೆ ಮರೆಯಲಾರೆ. ಮುಂಬ್ರಾ ಬರುವಾಗ ಎದುರು ಕೂತಿದ್ದ ಹಮಾಲಿ ಕೆಲಸದ ಹಿರಿಯರೊಬ್ಬರಿಗೆ ನಮ್ಮ ಕನ್ನಡ ಕಿವಿಗೆ ಬಿತ್ತು. ವಿಜಯಪುರದ ಕಡೆಯವರು.

"ಯಣ್ಣಾ, ಇದೇನ್ ಸೈಕಲ್ ರೀ, ಹೊಡಿಲಿಕ್ಕ ಬರ್ತೈತೇನು?"

"ಇಲ್ಲ, ಅಳತೆಗೆ. ಕಾರಿನೊಳಗೆ ಹಿಡಿಸ್ತದಾ ನೋಡ್ಲಿಕ್ಕೆ."

ಅವರು ರಟ್ಟಿನ ಚಕ್ರ ಮುಟ್ಟಿ ನೋಡಿದರು. "ನಮ್ಮೂರಾಗ ಸಂತಿಗೆ ಹೋಗುವಾಗ ಮಕ್ಕಳ ಕಾಲಿನ ಅಳತಿ ದಾರದಾಗ ತಗೊಂಡು ಹೋಗಿ ಚಪ್ಪಲಿ ತರ್ತೇವ್ರಿ. ಸೈಕಲ್ಲಿನ ಅಳತಿ ತಗೊಂಡು ಕಾರ್ ತರೋದು ಇವತ್ತ ನೋಡಿದ್ದು!" ಡಬ್ಬಿಯಲ್ಲಿ ಯಾರೂ ಭಾವನವರನ್ನು ಅಷ್ಟು ಚೆನ್ನಾಗಿ ಅರ್ಥ ಮಾಡಿಕೊಂಡಿರಲಿಲ್ಲ. ಥಾಣೆಯಲ್ಲಿ ಇಳಿಯುವಾಗ ಅವರೇ ಒಂದು ಸೈಕಲ್ ಹಿಡಿದು ಇಳಿಸಿಕೊಟ್ಟರು.

ರಟ್ಟಿನದಾದ್ದರಿಂದ ಈಗ ಶೋರೂಮಿನೊಳಗೆ ಪ್ರವೇಶ ಸಿಕ್ಕಿತು. ಪ್ರವೇಶ ಸಿಕ್ಕಿತು ಅಷ್ಟೆ, ಗಾಡಿ ಸಿಗಲಿಲ್ಲ. ಸಣ್ಣ ಕಾರಿನಲ್ಲಿ ಸೈಕಲ್ ಹಿಡಿಸಿದರೆ ಮನುಷ್ಯರು ಹಿಡಿಸುತ್ತಿರಲಿಲ್ಲ. ಡಿಕ್ಕಿ ಇರುವ ಉದ್ದ ಕಾರಿನಲ್ಲಿ ಮನುಷ್ಯರು ಹಿಡಿಸಿದರೆ ಸೈಕಲ್ ಹಿಡಿಸುತ್ತಿರಲಿಲ್ಲ. ದೊಡ್ಡ ಗಾಡಿಯಲ್ಲಿ ಎರಡೂ ಹಿಡಿಸಿದರೆ ಆ ಗಾಡಿಯೇ ನಮ್ಮ ಬಿಲ್ಡಿಂಗಿನ ಕೆಳಗೆ ಗಾಡಿ ನಿಲ್ಲಿಸುವ ಎರಡು ಕಂಬಗಳ ನಡುವೆ ಹಿಡಿಸುತ್ತಿರಲಿಲ್ಲ. ಒಟ್ಟಿನಲ್ಲಿ ಭಾವನವರಿಗೆ ಒಳಗೆ ಉದ್ದವಾದ, ಹೊರಗೆ ಗಿಡ್ಡವಾದ ಗಾಡಿ ಬೇಕಾಗಿತ್ತು! ಒಬ್ಬ ಸೇಲ್ಸ್‌ಮನ್, ಸೈಕಲ್ಲಿನ ಮುಂದಿನ ಚಕ್ರ ಬಿಚ್ಚಿದರೆ ಆಗುತ್ತದಲ್ಲ ಅಂದ. ನಿಮ್ಮ ಮಗುವನ್ನು ಕರೆದುಕೊಂಡು ಹೋಗುವಾಗ ಕಾಲು ಬಿಚ್ಚಿ ಇಡುತ್ತೀರಾ ಎಂದು ಭಾವ ಕೇಳಿದರು. ಇನ್ನೊಬ್ಬ, ಮೇಲ್ಗಡೆ ಕ್ಯಾರಿಯರ್ ಹಾಕಿ ಕಟ್ಟಿಕೊಡುತ್ತೇನೆ ಅಂದ. "ಮೇಲೆ ಸಾಮಾನು ಕಟ್ಟಿಕೊಂಡು ಹೋಗ್ಲಿಕ್ಕೆ ನಾವೆಂಥ ಮನೆ ಖಾಲಿ ಮಾಡುವವರಾ?" ಎಂದು ಭಾವ ನನ್ನ ಹತ್ತಿರ ಕನ್ನಡದಲ್ಲಿ ಗೊಣಗಿದರು.

ಮೂರನೆಯ ವರ್ಷ ಕಲ್ಯಾಣದಲ್ಲಿ ಒಂದು ವ್ಯಾನ್ ನೋಡಿದೆವು. ಏನು ಹೇಳಲಿ, ದೇವರು ಭಾವನವರಿಗೆಂದೇ ಮಾಡಿಸಿದ ಹಾಗಿತ್ತು. ಮುಂದೆ ಇಬ್ಬರು, ಹಿಂದಿನ ಸೀಟಿನಲ್ಲಿ ಇಬ್ಬರು. ಆ ಸೀಟಿನ ಉಳಿದ ಭಾಗ ಮಡಚಿದರೆ ಅದರ ಮೇಲೊಂದು ಸೈಕಲ್, ಹಿಂದೊಂದು ಸೈಕಲ್. ಬಾಗಿಲು ಟಪ್ಪೆಂದು ಹಾಕಿಕೊಂಡಿತು! ಸೇಲ್ಸ್‌ಮನ್ ಚಪ್ಪಾಳೆ ತಟ್ಟಿದ. ಮ್ಯಾನೇಜರ್ ಪೇಡೆ ತರಿಸಿದ. "ಫ್ಯಾಮಿಲಿ ಮೇ ಕಿತನೇ ಲೋಗ್?" ಎಂದು ಅವನು ಕೇಳಿದ್ದಕ್ಕೆ, ಪೇಡೆ ಬಾಯಲ್ಲಿಟ್ಟುಕೊಂಡೇ ನಾನು "ಚಾರ್" ಅಂದೆ, ಮನೆಯಲ್ಲಿ ನಾಲ್ಕು ಜನ ಅಂತ.

ಭಾವ ನನ್ನ ಮುಖ ನೋಡಿದರು. ಮತ್ತೊಮ್ಮೆ ವ್ಯಾನಿನೊಳಗೆ ತೂರಿ ಹಿಂದಿನ ಸೀಟಿಗೆ ಟೇಪು ಹಿಡಿದರು. ಹೊರಗೆ ಬಂದು, "ಸಾಕಾಗುದಿಲ್ಲ" ಅಂದರು.

ನನಗೆ ಪಿತ್ತ ನೆತ್ತಿಗೇರಿತು. "ಎಂಥ ಸಾಕಾಗುದಿಲ್ಲ ಭಾವ? ಎರಡು ಸೈಕಲ್ ಆಯ್ತು. ನೀವು, ಅಕ್ಕ, ಎರಡು ಮಕ್ಕಳು ಆಯ್ತು. ಇನ್ನು ವಾಚ್‌ಮನ್ನನ್ನೂ ಕರ್ಕೊಂಡು ಹೋಗ್ಲಿಕ್ಕುಂಟಾ?"

"ಸಾಕಾಗುದಿಲ್ಲ ಅಂದ್ರೆ ಸಾಕಾಗುದಿಲ್ಲ."

ತಿಂದ ಪೇಡೆ ಗಂಟಲಲ್ಲೇ ಇತ್ತು, ನಾವು ಹೊರಗೆ ಬಂದಾಗಿತ್ತು! ಈ ಮನುಷ್ಯನಿಗೆ ಗಾಡಿ ಬೇಕಾಗಿಲ್ಲ, ಅಳೆಯುವ ಚಟ ಅಷ್ಟೇ ಎಂದು ನಾನು ಅಂದೇ ತೀರ್ಪು ಕೊಟ್ಟೆ. ಮರುದಿನ ಆಫೀಸಿನಲ್ಲಿ ಅಭಿನಯ ಸಮೇತ ಹೇಳಿದೆ. ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು.

ಗಾಡಿ ಬರದಿದ್ದರೆ ಮಕ್ಕಳು ಬೆಳೆಯುವುದು ನಿಲ್ಲುತ್ತದೆಯೇ? ಮಕ್ಕಳು ಬೆಳೆದರು, ಸೈಕಲ್ಲುಗಳೂ ಬೆಳೆದವು. ಹದಿನಾರು ಇಂಚಿನದು ಇಪ್ಪತ್ತಾಯಿತು, ಇಪ್ಪತ್ತರದು ಇಪ್ಪತ್ತನಾಲ್ಕಾಯಿತು. ಪ್ರತಿ ಸಲವೂ ಹೊಸ ರಟ್ಟು, ಹೊಸ ಅಳತೆ. ಬೀರುವಿನ ಹಿಂದೆ ರಟ್ಟಿನ ಸೈಕಲ್ಲುಗಳ ರಾಶಿ ಎಷ್ಟಾಯಿತೆಂದರೆ ಬೀರು ಗೋಡೆಯಿಂದ ಒಂದು ಗೇಣು ಮುಂದೆ ಬಂತು. ಮಗಳು ಹತ್ತನೇ ಕ್ಲಾಸಿಗೆ ಬಂದಳು. ಭಾನುವಾರವೂ ಟ್ಯೂಷನ್. "ಮೌಶಿ, ಪಪ್ಪಾ ಗಾಡಿ ಲೇಂಗೇ ತಬ್ ತಕ್ ಮೇರಾ ಹೀ ಲೈಸೆನ್ಸ್ ಆ ಜಾಯೇಗಾ," ಎಂದು ಚಿಕ್ಕಮ್ಮನಾದ ನನ್ನ ಹತ್ತಿರ ನಗುತ್ತಿದ್ದಳು, ಅಪ್ಪ ಗಾಡಿ ತರುವಷ್ಟರಲ್ಲಿ ತನಗೇ ಲೈಸೆನ್ಸ್ ಬಂದಿರುತ್ತದೆ ಅಂತ. ಮೆಟ್ಟಿಲ ಬಳಿ ನಿಂತಿದ್ದ ಅವಳ ಸೈಕಲ್ಲಿನ ಹ್ಯಾಂಡಲ್ಲಿಗೆ ಯಾರೋ ನೆಲ ಒರೆಸುವ ಬಟ್ಟೆ ಒಣಹಾಕತೊಡಗಿದರು.

ಒಂದು ಭಾನುವಾರ ಭಾವ ಆ ಬಟ್ಟೆ ತೆಗೆದು, ಧೂಳು ಒರೆಸಿ, ಎರಡೂ ಚಕ್ರಕ್ಕೆ ಗಾಳಿ ಹೊಡೆದರು. ಹೊಡೆದಾದ ಮೇಲೂ ಸೀಟಿನ ಮೇಲೆ ಕೈಯಿಟ್ಟು ಅಲ್ಲೇ ನಿಂತಿದ್ದರು. ನನಗೆ ಆ ದಿನ ನಗು ಬರಲಿಲ್ಲ. ಒಳಗೆ ಬಂದು ಅಕ್ಕನಿಗೆ, "ಇನ್ನೊಂದೆರಡು ವರ್ಷ ಹೋದರೆ ಗಾಡಿ ಬಂದರೂ ಹತ್ತಲಿಕ್ಕೆ ಮಕ್ಕಳಿರುವುದಿಲ್ಲ, ಭಾವನಿಗೆ ಯಾರಾದರೂ ಹೇಳಬೇಕು" ಅಂದೆ.

"ಅವರಿಗೆ ಗೊತ್ತುಂಟು," ಅಂದಳು ಅಕ್ಕ. ಸೌತೆಕಾಯಿ ಹೆಚ್ಚುತ್ತಿದ್ದವಳು ನನ್ನನ್ನೊಮ್ಮೆ ನೋಡಿ, ಒಂದು ಹೋಳು ನನ್ನ ಕೈಗಿಟ್ಟಳು.

ಎಂಟನೆಯ ವರ್ಷ ಕೊನೆಗೂ ಅಂಥ ಗಾಡಿ ಮಾರುಕಟ್ಟೆಗೆ ಬಂತು. ಏಳು ಸೀಟಿನದು, ಆದರೆ ಗಾತ್ರದಲ್ಲಿ ಮಿತ. ಕಂಬಗಳ ನಡುವೆ ಹಿಡಿಸುವಷ್ಟು ಗಿಡ್ಡ, ಹಿಂದಿನ ಸಾಲು ಮಡಚಿದರೆ ಎರಡು ದೊಡ್ಡ ಸೈಕಲ್ ಮಲಗುವಷ್ಟು ಉದ್ದ. ಶೋರೂಮಿನಲ್ಲಿ ಭಾವ ನಡುವಿನ ಸಾಲಿಗೆ ಮೂರು ಸಲ ಟೇಪು ಹಿಡಿದರು. ಆಮೇಲೆ ನನ್ನನ್ನು ಅಲ್ಲಿ ಕೂರಲು ಹೇಳಿದರು.

"ಮೊಣಕಾಲು ತಾಗ್ತದಾ?"

"ನನ್ನದೆಂಥ ಭಾವ, ಮಕ್ಕಳನ್ನು ಕೂರಿಸಿ ನೋಡಿ."

"ನೀನು ಹೇಳು."

"ತಾಗುದಿಲ್ಲ."

"ಹಾಗಾದ್ರೆ ಆಯ್ತು," ಎಂದು ಅಲ್ಲೇ ಬುಕ್ ಮಾಡಿದರು. ನೋಡಿ, ರಟ್ಟಿನ ಸೈಕಲ್ಲಿನ ಜೊತೆ ನಾನೂ ಒಂದು ಅಳತೆಯ ಸಾಮಾನಾದೆ ಎಂದು ಮನೆಗೆ ಬಂದು ಅಕ್ಕನಿಗೆ ದೂರು ಕೊಟ್ಟೆ.

ಗಾಡಿ ಮನೆಗೆ ಬಂದ ಮೊದಲ ಭಾನುವಾರ, ಬೆಳಿಗ್ಗೆ ಆರೂವರೆ. ಹದಿನೇಳರ ಮಗಳು ಅಪ್ಪನ ಮುಖ ನೋಡಿ ಒಂದು ದಿನ ಟ್ಯೂಷನ್ ಬಿಟ್ಟಿದ್ದಳು. ಹದಿನಾಲ್ಕರ ಮಗ ಆಕಳಿಸುತ್ತಾ ಕೂತಿದ್ದ. ಹಿಂದೆ ಸೈಕಲ್ಲುಗಳು, ಈ ಸಲ ನಿಜವಾದವು. ನಾನು ನೈಟಿಯ ಮೇಲೆ ದುಪಟ್ಟಾ ಹೊದ್ದು ಕೆಳಗಿಳಿದು, ಇಡ್ಲಿಯ ಡಬ್ಬಿಯನ್ನು ಕಿಟಕಿಯಿಂದ ಅಕ್ಕನ ಕೈಗೆ ಕೊಟ್ಟು, ಟಾಟಾ ಮಾಡಲು ಗೇಟಿನ ಹತ್ತಿರ ನಿಂತೆ. ಗಾಡಿ ಹೊರಡಲಿಲ್ಲ.

"ಎಂಥ ನಿಂತದ್ದು? ಹತ್ತು," ಅಂದರು ಭಾವ.

"ನಾನೆಲ್ಲಿಗೆ? ನೀವು ನಾಲ್ಕು ಜನ ಹೋಗಿ ಬನ್ನಿ. ನನಗೆ ಬಟ್ಟೆ ನೆನೆಸ್ಲಿಕ್ಕುಂಟು."

ಭಾವ ಸ್ಟೀರಿಂಗಿನಿಂದ ಕೈ ತೆಗೆದರು. "ನಾಲ್ಕು ಜನಕ್ಕಾದ್ರೆ ಕಲ್ಯಾಣದ ಆ ವ್ಯಾನೇ ಸಾಕಿತ್ತಲ್ಲ ಮಾರಾಯ್ತಿ!"

ನಾನು ಗೇಟು ಬಿಟ್ಟು ಗಾಡಿಯ ಹತ್ತಿರ ಬಂದೆ. ಅಕ್ಕ ಬಾಗಿಲು ತೆರೆದು ಮಗಳನ್ನು ಆಚೆ ಸರಿಸಿದಳು. ಮಗ, "ಮೌಶಿ, ಚಲ್ ನಾ, ಲೇಟ್ ಹೋ ರಹಾ ಹೈ" ಎಂದ. ಬಟ್ಟೆ ಬದಲಿಸಲು ಮೇಲೆ ಓಡಿದವಳಿಗೆ ದುಪಟ್ಟಾದ ಪಿನ್ನು ಹಾಕಲು ಆಗುತ್ತಿರಲಿಲ್ಲ, ಕಣ್ಣು ಮಂಜಾಗಿತ್ತು. ಐದು ವರ್ಷ ಈ ಮನುಷ್ಯನ ಕತೆ ಊರಿಗೆಲ್ಲ ಹೇಳಿ ನಗಿಸಿದವಳು ನಾನು. ನಾಚಿಕೆಯೂ ಆಯಿತು, ಸಂತೋಷವೂ ಆಯಿತು.

ಖಾರಘರದಲ್ಲಿ ಸೈಕಲ್ ಇಳಿಸಿದ್ದೇ ತಡ, ಮಕ್ಕಳಿಬ್ಬರೂ ಕಿರುಚಿಕೊಂಡು ಗುಡ್ಡದ ಕಡೆ ಹೋದರು. ಹದಿನೇಳರ ಹುಡುಗಿ ಒಂಬತ್ತರವಳ ಹಾಗೆ ಕಿರುಚುತ್ತಿದ್ದಳು. ಅಕ್ಕ ಅವರ ಹಿಂದೆಯೇ ನಡೆದು ಹೋದಳು. ಭಾವ ಬಾನೆಟ್ಟಿಗೆ ಒರಗಿ ಇಡ್ಲಿ ತಿನ್ನುತ್ತಿದ್ದರು.

"ಆ ದಿನವೇ ಯಾಕೆ ಹೇಳಲಿಲ್ಲ ಭಾವ?" ಎಂದು ಕೇಳಿದೆ. "ಮಕ್ಕಳನ್ನು ಸಹ ಕಾಯಿಸಿದಿರಲ್ಲ."

"ಹೇಳಿದ್ರೆ ನೀನೆಂಥ ಹೇಳ್ತಿದ್ದಿ?" ಅಂದರು ಅವರು, ರಸ್ತೆಯಿಂದ ಕಣ್ಣು ತೆಗೆಯದೆ. "ನಾನು ಬರುದಿಲ್ಲ, ನೀವು ತಕ್ಕೊಳ್ಳಿ ಅಂತಿದ್ದಿ."

ಹೌದು. ಹಾಗೆಯೇ ಅನ್ನುತ್ತಿದ್ದೆ.