ಕೆಂಪು ಬಾವುಟದವನ ಹೊಟ್ಟೆಕಿಚ್ಚು

ನಗುವಂಥದ್ದು ನಡೆಯಲು ಸ್ಟೇಜು, ಪರದೆ ಏನೂ ಬೇಡ, ಮಾರ್ಗದ ಬದಿ ಸಾಕು. ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಕಡೆಯ ಮಾರ್ಗಗಳ ಬದಿಯ ಹುಲ್ಲು ಹೆರೆಯುವುದೇ ಹದಿನೆಂಟು ವರ್ಷದಿಂದ ನನ್ನ ಕೆಲಸ. ವಾರಕ್ಕೊಂದು ಪ್ರಸಂಗವಾದರೂ ಆಗದೆ ಉಳಿದದ್ದಿಲ್ಲ. ಮೊದಲೆಲ್ಲ ಅದಕ್ಕೆ ನಾನೇ ನಗುತ್ತಿದ್ದೆ. ಹೊಸ ಮೆಷಿನ್ ಬಂದ ಮೇಲೆ ಊರು ನಗುತ್ತದೆ, ನಾನು ಉರಿಯುತ್ತೇನೆ.

ಮೆಷಿನ್ ಅಂದರೆ ಟ್ರ್ಯಾಕ್ಟರಿನ ಹಿಂದೆ ಕಟ್ಟುವ ಒಂದು ಉದ್ದದ ಕಬ್ಬಿಣದ ಕೈ. ಕೈಯ ತುದಿಯಲ್ಲಿ ಹುಲ್ಲು, ಪೊದೆ ಎಲ್ಲ ಪುಡಿ ಮಾಡುವ ತಲೆ. ಆಪರೇಟರ್ ಸೀಟಿನಲ್ಲಿ ಕೂತು ಸಣ್ಣ ಲಿವರ್ ಆಡಿಸಿದರೆ ಆ ಕೈ ಆನೆಯ ಸೊಂಡಿಲಿನ ಹಾಗೆ ಚರಂಡಿಯ ಆಚೆಗೂ ಚಾಚುತ್ತದೆ. ನಾನು ಹೆಗಲಿಗೆ ಹಳೆಯ ಸಣ್ಣ ಮೆಷಿನ್ ನೇತು ಹಾಕಿಕೊಂಡು ಇಡೀ ದಿನ ಹೆರೆಯುವಷ್ಟನ್ನು ಅದು ಚಾ ಕುಡಿಯುವ ಹೊತ್ತಿನೊಳಗೆ ಮುಗಿಸುತ್ತದೆ. ಇದನ್ನು ಕೊಂಡವರು ನಮ್ಮ ಧಣಿಗಳು, ಮಾರ್ಗದ ಬದಿಯ ಹುಲ್ಲು ಸವರುವ ಕಂಟ್ರಾಕ್ಟ್ ಹಿಡಿಯುವವರು. ಆ ಸೀಟು ನನಗೇ ಎಂದು ನಾನು ಮನೆಯಲ್ಲಿ ಹೇಳಿಯೂ ಆಗಿತ್ತು.

೧. ಪರೀಕ್ಷೆ

ಮೆಷಿನ್ ಕಲಿಸಲು ಘಟ್ಟದ ಮೇಲಿನಿಂದ ಒಬ್ಬ ಕಂಪೆನಿಯವ ಬಂದ. ಸೀಟಿಗೆ ನಾವು ಇಬ್ಬರು. ಒಬ್ಬ ನಾನು, ಇನ್ನೊಬ್ಬ ಧಣಿಗಳ ಟಿಪ್ಪರ್ ಓಡಿಸುತ್ತಿದ್ದವ. ಟ್ರ್ಯಾಕ್ಟರ್ ಲೈಸೆನ್ಸ್ ಇಬ್ಬರಿಗೂ ಇತ್ತು. ಕಂಪೆನಿಯವ ಮೊದಲು ನನ್ನನ್ನು ಕೇಳಿದ.

"ಕೆಲಸ ಮಾಡೋವಾಗ ಮ್ಯಾಲೆ ಕರೆಂಟಿನ ತಂತಿ ಕಂಡ್ರ ಏನ್ ಮಾಡ್ತೀರಿ?"

"ಕೈ ಮುಗಿದು ಮುಂದೆ ಹೋಗ್ತೇನೆ ಸರ್" ಎಂದೆ. ಹದಿನೆಂಟು ವರ್ಷವೂ ನಾನು ಮಾಡಿದ್ದು ಅದನ್ನೇ.

ಟಿಪ್ಪರಿನವನನ್ನು ಕೇಳಿದ. ಅವನು ಬಾಯಿಪಾಠ ಮಾಡಿ ಬಂದವನ ಹಾಗೆ, "ನಿಲ್ಲಿಸ್ತೇನೆ ಸರ್. ಇಳಿದು ನೋಡ್ತೇನೆ. ಮೆಷಿನಿನ ಕೈ ಪೂರ್ತಿ ತಗ್ಗಿಸಿ, ತಂತಿಯಿಂದ ದೂರ ಇಟ್ಟು ದಾಟ್ತೇನೆ" ಎಂದ.

ಕಂಪೆನಿಯವ ನನ್ನ ಕಡೆ ತಿರುಗಿ, "ನೀವು ಹುಲ್ಲು ಕೊಯ್ಯಾಕ ಬಂದೀರೋ, ಸ್ವರ್ಗಕ್ಕ ಹೋಗಾಕ ಬಂದೀರೋ?" ಎಂದು ಕೇಳಿದ.

ಅವನಿಗೆ ಸೀಟು ಸಿಕ್ಕಿತು. ನನಗೆ ಕೆಂಪು ಬಾವುಟ ಸಿಕ್ಕಿತು. ಮೆಷಿನ್ ಬರುವ ಮೊದಲು ಮುಂದೆ ನಡೆದು ಹುಲ್ಲಿನೊಳಗೆ ಕಲ್ಲು, ಬೇಲಿ ತಂತಿ ಏನಾದರೂ ಉಂಟೋ ನೋಡುವುದು, ಆಮೇಲೆ ಮೆಷಿನಿನ ಹಿಂದೆ ದೂರ ನಿಂತು ವಾಹನ ತಡೆಯುವುದು. ನನ್ನ ಮುಖ ನೋಡಿ ಧಣಿಗಳಿಗೆ ಪಾಪ ಅನಿಸಿರಬೇಕು. "ನೀನೂ ಕಲಿತುಕೋ. ಅವನು ರಜೆ ಮಾಡಿದ ದಿನ ನೀನೇ ಕೂತುಕೊಳ್ಳುವಿಯಂತೆ" ಎಂದರು.

ಆ ದಿನದಿಂದ ಅವನ ಆರೋಗ್ಯವನ್ನು ಅವನ ಹೆಂಡತಿಗಿಂತ ಹೆಚ್ಚು ವಿಚಾರಿಸಿದವನು ನಾನು.

೨. ಭಾರ

ಮೆಷಿನ್ ಕಟ್ಟುವುದೇ ಒಂದು ದೊಡ್ಡ ಕೆಲಸ. ಮೂರು ಕೊಂಡಿ ಸಿಕ್ಕಿಸಬೇಕು, ಶಾಫ್ಟ್ ಕೂರಿಸಿ ಅದರ ಮೇಲೆ ಮುಚ್ಚಳ ಹಾಕಬೇಕು, ಎಣ್ಣೆ ನೋಡಬೇಕು, ಪಿನ್ನುಗಳನ್ನು ಒಂದೊಂದಾಗಿ ಮುಟ್ಟಿ ನೋಡಬೇಕು. ಎಲ್ಲ ಆದ ಮೇಲೆ ಆಪರೇಟರ್ ಮೊದಲ ಸಲ ಕೈಯನ್ನು ನಿಧಾನಕ್ಕೆ ಎಡಕ್ಕೆ ಚಾಚಿದ. ಟ್ರ್ಯಾಕ್ಟರಿನ ಬಲಚಕ್ರ ಸ್ವಲ್ಪ ಮೇಲೆದ್ದ ಹಾಗೆ ಕಂಡಿತು.

"ಒಳಗ ತಗೋರಿ! ಬಲಕ್ಕ ಭಾರ ಸಾಲಂಗಿಲ್ಲ!" ಎಂದು ಕಂಪೆನಿಯವ ಕೂಗಿದ.

ಭಾರ ಎಂಬ ಮಾತು ಕೇಳಿದ್ದೇ ತಡ, ಅಲ್ಲಿದ್ದವರೆಲ್ಲ ನನ್ನ ಹೊಟ್ಟೆ ನೋಡಿದರು. ಧಣಿಗಳು, "ಇವನು ಬಲಗಡೆ ಮಡ್‌ಗಾರ್ಡಿನ ಮೇಲೆ ಕೂತರೆ ಆಗ್ಲಿಕ್ಕಿಲ್ವಾ?" ಎಂದು ಕೇಳಿಯೇ ಬಿಟ್ಟರು. ಮರ್ಯಾದೆಯ ಪ್ರಶ್ನೆ ಬೇರೆ, ಆದರೆ ಟ್ರ್ಯಾಕ್ಟರಿನ ಮೇಲೆ ಹತ್ತಿದ ಹಾಗಾಯಿತಲ್ಲ ಎಂದು ನಾನು ಚಪ್ಪಲಿ ಬಿಚ್ಚಲು ಹೊರಟಿದ್ದೆ.

"ಆಪರೇಟರ್ ಒಬ್ಬನ್ ಬಿಟ್ಟು ಮತ್ಯಾರೂ ಹತ್ತಂಗಿಲ್ಲ" ಎಂದ ಕಂಪೆನಿಯವ. ಮರುದಿನ ಬಲಚಕ್ರಕ್ಕೆ ಕಬ್ಬಿಣದ ದಪ್ಪ ಬಿಲ್ಲೆಗಳನ್ನು ಬೋಲ್ಟ್ ಹಾಕಿ ಬಿಗಿದರು.

ಭಾರವಾಗಿಯಾದರೂ ಸೇರಿಕೊಳ್ಳುವ ಅಂತ ಇದ್ದೆ. ಆ ಹುದ್ದೆಯೂ ಕಬ್ಬಿಣಕ್ಕೆ ಹೋಯಿತು.

೩. ಬಸ್ ನಿಲ್ಲುವ ಜಾಗ

ಗುರುವಾಯನಕೆರೆಯ ಆಚೆ ಕೆಲಸ ಶುರುವಾಯಿತು. ಆ ಮಾರ್ಗದ ಎಕ್ಸ್‌ಪ್ರೆಸ್ ಬಸ್ಸುಗಳು ಸಣ್ಣ ಸ್ಟಾಪುಗಳಲ್ಲಿ ನಿಲ್ಲುವುದಿಲ್ಲ. ಕೈ ಅಡ್ಡ ಹಿಡಿದರೂ ಗಾಳಿ ಹೊಡೆದುಕೊಂಡು ಹೋಗುತ್ತವೆ. ನನ್ನ ಕೆಂಪು ಬಾವುಟಕ್ಕೆ ಮಾತ್ರ ನಿಲ್ಲಲೇ ಬೇಕು.

ಮೊದಲ ದಿನ ಬಸ್ ನಿಂತಾಗ ಚೀಲ ಹಿಡಿದ ಒಬ್ಬರು ಅಜ್ಜಿ ಎಲ್ಲಿಂದಲೋ ಬಂದು ಸರಸರ ಹತ್ತಿಕೊಂಡರು. ಕಂಡಕ್ಟರ್ "ಇಲ್ಲಿ ಸ್ಟಾಪ್ ಇಲ್ಲ ಅಮ್ಮಾ" ಎಂದ. "ಇಲ್ಲದಿದ್ದರೆ ನಿಂತದ್ದು ಯಾಕೆ?" ಎಂದು ಅಜ್ಜಿ ಕೇಳಿದರು. ಅವನು ಟಿಕೆಟ್ ಹರಿದು ಕೊಟ್ಟ.

ಎರಡನೆಯ ದಿನ ಐದು ಜನ. ಮೂರನೆಯ ದಿನ ಒಂದು ಮದುವೆಗೆ ಹೊರಟ ಇಡೀ ಸಂಸಾರವೇ ಮಲ್ಲಿಗೆ ಮುಡಿದು ನನ್ನ ಸುತ್ತ ನಿಂತಿತ್ತು. "ಉಡುಪಿಯ ಬಸ್ಸಿಗೆ ಬಾವುಟ ಯಾವಾಗ ಹಿಡಿತೀರಿ ಅಣ್ಣಾ?" ಎಂದು ಮರ್ಯಾದೆಯಿಂದ ಕೇಳಿದರು. ಮೆಷಿನ್ ಓಡುವಾಗ ಕಲ್ಲು ಸಿಡಿಯುತ್ತದೆ, ಹತ್ತಿರ ಜನ ನಿಲ್ಲಬಾರದು ಎಂದು ನಾನು ಅವರನ್ನು ದೂರ ಕಳಿಸಿದೆ. ಅವರು ಹತ್ತು ಹೆಜ್ಜೆ ಹೋಗಿ ಅಲ್ಲಿಂದ ನನ್ನ ಬಾವುಟವನ್ನೇ ನೋಡುತ್ತ ನಿಂತರು. ಆಪರೇಟರ್ ಮೆಷಿನ್ ನಿಲ್ಲಿಸಬೇಕಾಯಿತು.

"ನಿನಗೆ ಭಾರೀ ಜನ ಮಾರಾಯ. ನನ್ನನ್ನು ಕೇಳುವವರೇ ಇಲ್ಲ" ಎಂದ ಅವನು. ಮುಖ ಸಣ್ಣದಾಗಿತ್ತು. ತಮಾಷೆಗೆ ಹೇಳಿದ್ದು ಎಂದುಕೊಂಡೆ. ಸೀಟು ಇರುವವನಿಗೆ ಇನ್ನೇನು ಕಡಿಮೆ?

ಬಸ್ ನಿಲ್ಲಿಸುವ ಅಧಿಕಾರ ನನ್ನ ಕೈಯಲ್ಲಿತ್ತು, ಆದರೆ ನಾನು ಹತ್ತಬೇಕಾದ ಗಾಡಿ ನನ್ನ ಬೆನ್ನ ಹಿಂದೆಯೇ ಇತ್ತು.

೪. ಪೇಪರಿನಲ್ಲಿ ನನ್ನ ಕೈ

ಕಕ್ಕಿಂಜೆಯಲ್ಲಿ ಕೆಲಸ ಮಾಡುವಾಗ ಒಬ್ಬರು ಪೇಪರಿನವರು ಬಂದು ಫೋಟೋ ತೆಗೆದರು. ನಾನು ಕೂದಲು ಬಾಚಿಕೊಂಡು ನಿಂತೆ. ಮರುದಿನದ ಪೇಪರಿನಲ್ಲಿ ಆಪರೇಟರ್ ಹೆಲ್ಮೆಟ್, ಕನ್ನಡಕ ಹಾಕಿಕೊಂಡು ವಿಮಾನ ಬಿಡುವವನ ಗತ್ತಿನಲ್ಲಿ ಕೂತಿದ್ದ. ನಾನು ಎಲ್ಲಿ? ಎಡಗಡೆ ಅಂಚಿನಲ್ಲಿ ಒಂದು ಬಾವುಟ, ಅದನ್ನು ಹಿಡಿದ ಒಂದು ಕೈ. ಮೊಣಕೈಯಿಂದ ಆಚೆಗೆ ಪೇಪರೇ ಮುಗಿದಿತ್ತು.

ಹೆಂಡತಿ ವಾಚಿನ ಪಟ್ಟಿ ನೋಡಿ ಗುರುತು ಹಿಡಿದಳು. ಅವಳು ಅದನ್ನು ಕತ್ತರಿಸಿ ಫ್ರಿಜ್ಜಿನ ಮೇಲೆ ಅಂಟಿಸಿದ್ದಾಳೆ. ಬಂದವರಿಗೆಲ್ಲ ತೋರಿಸಿ, "ಇದು ನಮ್ಮವರ ಕೈ. ಉಳಿದದ್ದು ಒಳಗೆ ಊಟ ಮಾಡ್ತಾ ಉಂಟು" ಎನ್ನುತ್ತಾಳೆ.

೫. ಮೆಣಸು

ಫೋಟೋ ಬಂದ ಮೇಲೆ ನನ್ನ ಹೊಟ್ಟೆಯ ಬೆಂಕಿಗೆ ತುಪ್ಪ ಸುರಿದ ಹಾಗಾಯಿತು. ಅವನಿಗೂ ಏನೋ ವಾಸನೆ ಬಡಿದಿರಬೇಕು, ಒಂದು ದೃಷ್ಟಿಬೊಂಬೆ ತಂದು ಟ್ರ್ಯಾಕ್ಟರಿನ ಹಿಂದೆ ಕಟ್ಟಿದ. ಹಿಂದೆ ನಿಲ್ಲುವವನು ನಾನೊಬ್ಬನೇ. ಹಲ್ಲು ಕಿರಿದ ಆ ಬೊಂಬೆ ಬೆಳಗ್ಗಿನಿಂದ ಸಂಜೆಯ ತನಕ ನನ್ನನ್ನೇ ನೋಡುತ್ತಿತ್ತು.

ಒಂದು ದಿನ ನಾನೂ ಅದನ್ನೇ ದಿಟ್ಟಿಸಿ, "ಈ ಮೆಷಿನಿನ ಎಣ್ಣೆ ಎಲ್ಲ ಸೋರಿ ಹೋಗಲಿ" ಎಂದು ಮನಸ್ಸಿನಲ್ಲೇ ಹೇಳಿಕೊಂಡೆ. ಮಧ್ಯಾಹ್ನದೊಳಗೆ ಎಣ್ಣೆಯ ಪೈಪಿನಿಂದ ಸುಂಯ್ ಎಂದು ಸಣ್ಣ ಧಾರೆ ಹಾರಿತು! ನಾನು ಬೊಂಬೆಗೆ ಬೆನ್ನು ಹಾಕಿ ನಿಂತೆ.

ಆಪರೇಟರ್ ಕಲಿತದ್ದನ್ನು ತಪ್ಪದೆ ಮಾಡಿದ. ಮೆಷಿನಿನ ತಲೆಯನ್ನು ನೆಲಕ್ಕೆ ಇಳಿಸಿದ, ಇಂಜಿನ್ ನಿಲ್ಲಿಸಿದ, ಕೀ ತೆಗೆದು ಕಿಸೆಗೆ ಹಾಕಿದ, ಆಮೇಲೆ ಇಳಿದ. ಸೋರುವ ಜಾಗವನ್ನು ಕೈಯಿಂದ ಮುಟ್ಟಲಿಲ್ಲ. ಪೈಪಿನವನಿಗೆ ಫೋನ್ ಮಾಡಿದ. ಇಷ್ಟೆಲ್ಲ ಆದ ಮೇಲೆ, "ಯಾರದ್ದೋ ಕಣ್ಣು ತಾಗಿದೆ. ಮೆಣಸು ಸುಡುವ" ಎಂದ.

ನಮ್ಮಲ್ಲಿ ನಂಬಿಕೆ ಹೇಗೆಂದರೆ, ನಿವಾಳಿಸಿದ ಮೆಣಸು ಸುಡುವಾಗ ಘಾಟು ಬಂದು ಕೆಮ್ಮಿದರೆ ದೃಷ್ಟಿ ಇಲ್ಲ. ಯಾರಿಗೂ ಕೆಮ್ಮು ಬಾರದಿದ್ದರೆ ದೃಷ್ಟಿ ತಾಗಿದ್ದು ಖಂಡಿತ. ಅವನು ಹತ್ತಿರದ ಹೋಟೆಲಿನಿಂದ ಮೆಣಸು ತಂದು, ತೆಂಗಿನ ಗೆರಟೆಗೆ ಬೆಂಕಿ ಮಾಡಿ, ಮೆಷಿನಿಗೆ ಸುತ್ತು ಬರಲು ಹೋದ. ನಾನು ಬೆಂಕಿಯ ಹತ್ತಿರ ನಿಂತೆ. ಕಳ್ಳನ ಮನಸ್ಸು ಹುಳ್ಳುಳ್ಳಗೆ. ಯಾರೂ ಕೆಮ್ಮದಿದ್ದರೆ ನನ್ನ ಗತಿ ಏನು? ಕಣ್ಣು ಮುಚ್ಚಿ, ಎದೆ ಹಿಡಿದುಕೊಂಡು, ಕರುಳು ಬಾಯಿಗೆ ಬರುವ ಹಾಗೆ ಕೆಮ್ಮಿದೆ. "ಅಬ್ಬಾ, ಏನು ಘಾಟು! ದೃಷ್ಟಿಯೂ ಇಲ್ಲ ಎಂಥದ್ದೂ ಇಲ್ಲ" ಎಂದೆ.

ಕಣ್ಣು ಬಿಟ್ಟು ನೋಡಿದರೆ ಅವನು ನನ್ನ ಎದುರೇ ನಿಂತಿದ್ದ. "ಮೆಣಸು ಇನ್ನೂ ನನ್ನ ಕೈಯಲ್ಲೇ ಉಂಟು ಮಾರಾಯ" ಎಂದ.

೬. ಕೀ

ಆ ಮನುಷ್ಯ ಎಂಟು ತಿಂಗಳು ರಜೆಯನ್ನೇ ಮಾಡಲಿಲ್ಲ. ಜ್ವರ ಬಂದರೆ ಮಫ್ಲರ್ ಸುತ್ತಿಕೊಂಡು ಬಂದ. ಹಲ್ಲು ಕೀಳಿಸಿದ ದಿನ ಬಾಯಿಗೆ ಹತ್ತಿ ಇಟ್ಟುಕೊಂಡು ಬಂದ. ಕೊನೆಗೆ ಅವನ ಹೆಂಡತಿಯ ತಂಗಿಯ ಮದುವೆ ಮೂಡುಬಿದಿರೆಯಲ್ಲಿ ಗಟ್ಟಿಯಾಯಿತು. ಆ ಹುಡುಗಿಯ ಮದುವೆಗೆ ಅವಳ ಅಪ್ಪನಿಗಿಂತ ಹೆಚ್ಚು ಖುಷಿಪಟ್ಟವನು ನಾನು.

ಆ ಬೆಳಗ್ಗೆ ಗಡ್ಡ ತೆಗೆದು, ಇಸ್ತ್ರಿಯ ಅಂಗಿ ಹಾಕಿಕೊಂಡು ಗುರುವಾಯನಕೆರೆಯ ಶೆಡ್ಡಿಗೆ ಹೋದೆ. ಬಾವುಟ ಹಿಡಿಯಲು ಧಣಿಗಳೇ ಬಂದಿದ್ದರು. ಸೀಟಿಗೆ ಕೈ ಮುಗಿದು ಹತ್ತಿದೆ. ನೋಡುತ್ತೇನೆ, ಕೀ ಇಲ್ಲ. ಫೋನ್ ಮಾಡಿದೆ. ಹಿಂದಿನಿಂದ ವಾದ್ಯ ಕೇಳಿಸುತ್ತಿತ್ತು.

"ಕೀ ಎಲ್ಲಿ ಮಾರಾಯ?"

"ನನ್ನ ಹತ್ತಿರ. ಇಳಿದವ ಕೀಯನ್ನು ಕಿಸೆಗೆ ಹಾಕಬೇಕು ಅಂತ ಹೇಳಿಕೊಟ್ಟದ್ದಲ್ವಾ?"

"ಮತ್ತೆ ಎರಡನೇ ಕೀ?"

"ಅದು ಕೂಡ ಇದೇ ರಿಂಗಿನಲ್ಲಿ ಉಂಟು. ಬೇರೆ ಇಟ್ಟರೆ ಕಾಣೆಯಾಗ್ತದೆ."

ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಬಸ್ ಹಿಡಿದು ಮೂಡುಬಿದಿರೆಗೆ ಹೋದೆ. ಮದುವೆ ಹಾಲಿನಲ್ಲಿ ಅವನು ಜರಿಯ ಪಂಚೆ ಉಟ್ಟು ಪಾಯಸ ಬಡಿಸುತ್ತಿದ್ದ. ಪಂಚೆಗೆ ಕಿಸೆ ಇಲ್ಲ, ಕೀಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಿದ್ದ! "ಊಟ ಮಾಡದೆ ಹೋದರೆ ಕೀ ಕೊಡುವುದಿಲ್ಲ" ಎಂದ. ಮೂರು ಸಲ ಪಾಯಸ ಬಡಿಸಿದ. ಹೊತ್ತು ಕಳೆಯಲಿ ಎಂದೇ ಬಡಿಸಿದ್ದು, ನನಗೇನು ಗೊತ್ತಾಗುವುದಿಲ್ಲವೇ?

ತಿರುಗಿ ಬಂದು ಸೀಟಿನಲ್ಲಿ ಕೂತಾಗ ಗಂಟೆ ಮೂರು. ಪಿನ್ನು ನೋಡಿದೆ, ಎಣ್ಣೆ ನೋಡಿದೆ, ಮೇಲೆ ತಂತಿ ನೋಡಿದೆ, ಈ ಸಲ ಕೈ ಮುಗಿಯಲಿಲ್ಲ. ಕಬ್ಬಿಣದ ಕೈ ನಾನು ಹೇಳಿದ ಹಾಗೆ ಚಾಚಿತು, ಹುಲ್ಲು ಹಾಸಿಗೆಯ ಹಾಗೆ ಬಿದ್ದಿತು. ಹದಿನೆಂಟು ವರ್ಷ ಹೆಗಲು ನೋಯಿಸಿಕೊಂಡದ್ದು ಇದಕ್ಕೇ ಎಂದು ಕಣ್ಣಲ್ಲಿ ನೀರು ಬಂತು.

ಹತ್ತು ನಿಮಿಷ ಕಳೆದಿರಬೇಕು. ಕನ್ನಡಿಯಲ್ಲಿ ಹಿಂದೆ ನೋಡಿದರೆ ಧಣಿಗಳು ಮರದ ನೆರಳಿನಲ್ಲಿ ನಿಂತಿದ್ದಾರೆ. ಕೆಂಪು ಬಾವುಟ ಹಿಡಿದವನು ಜರಿಯ ಪಂಚೆ ಉಟ್ಟವನು. ಹಣೆಯಲ್ಲಿ ಗಂಧ ಇನ್ನೂ ಒಣಗಿರಲಿಲ್ಲ. ದಿಬ್ಬಣ ಹೊರಡುವ ಮೊದಲೇ ಬೈಕ್ ಹತ್ತಿ ಬಂದಿದ್ದ. ಕಣ್ಣು ಕೆಂಪಾಗಿ, ತುಟಿ ಕಚ್ಚಿಕೊಂಡು ಮೆಷಿನನ್ನೇ ನೋಡುತ್ತಿದ್ದ. ಆ ಮುಖ ನನಗೆ ಗುರುತಿನದ್ದೇ. ಎಂಟು ತಿಂಗಳಿಂದ ಗಡ್ಡ ತೆಗೆಯುವಾಗ ದಿನವೂ ನೋಡಿದ್ದೇನೆ.

ಅಷ್ಟರಲ್ಲಿ ಖಟಖಟ ಎಂದು ಸದ್ದಾಗಿ ಮೆಷಿನಿನ ತಲೆ ಕಟ್ಟಿಕೊಂಡು ನಿಂತಿತು. ನಾನು ಶಾಫ್ಟಿನ ಲಿವರ್ ಬಿಡಿಸಿದೆ, ತಲೆ ನೆಲಕ್ಕೆ ಇಳಿಸಿದೆ, ಇಂಜಿನ್ ನಿಲ್ಲಿಸಿದೆ, ಕೀ ತೆಗೆದು ನನ್ನ ಕಿಸೆಗೆ ಹಾಕಿ ಇಳಿದೆ. ನೋಡಿದರೆ ಹಳೆಯ ಬೇಲಿ ತಂತಿ ಸುತ್ತಿಕೊಂಡಿದೆ. ಮುಂದೆ ನಡೆದು ತಂತಿ ನೋಡುವುದು ಬಾವುಟದವನ ಕೆಲಸ. ಅವನು ಮುಂದೆ ನೋಡಿದ್ದರಲ್ಲವೇ? ನನ್ನನ್ನೇ ನೋಡುತ್ತ ನಿಂತಿದ್ದ.

ಅವನು ಓಡಿ ಬಂದ. "ಕೀ ಕೊಡು, ನಾನು ನೋಡ್ತೇನೆ" ಎಂದು ಕೈ ಚಾಚಿದ.

"ಇಳಿದವನ ಕಿಸೆಯಲ್ಲೇ ಇರಬೇಕು. ಹೇಳಿಕೊಟ್ಟದ್ದಲ್ವಾ?" ಎಂದೆ. ಧಣಿಗಳು ತಲೆ ಆಡಿಸಿದರು.

ನಾನು ದೃಷ್ಟಿಬೊಂಬೆಯನ್ನೊಮ್ಮೆ ನೋಡಿದೆ, ಅವನನ್ನೊಮ್ಮೆ ನೋಡಿದೆ. "ಯಾರದ್ದೋ ಕಣ್ಣು ತಾಗಿದ ಹಾಗೆ ಕಾಣ್ತದೆ. ಹೋಟೆಲಿನಿಂದ ನಾಲ್ಕು ಮೆಣಸು ತರಿಸುವಾ?" ಎಂದು ಕೇಳಿದೆ.

ನನ್ನ ಮಾತು ಮುಗಿಯುವ ಮೊದಲೇ ಅವನು ಎದೆ ಹಿಡಿದುಕೊಂಡು ಕೆಮ್ಮಲು ಶುರು ಮಾಡಿದ.